ಯಾವ ಬಾಬತ್ತಿಗೆ ಬರೆಯುವುದು?

ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಒಂದಷ್ಟು ಭೂಭಾಗದ ಹೆಸರೇ 'ಸ್ವಂತ ಖರ್ಚು' ಎಂದಿತ್ತು. ಸರ್ಫ್-ಎ-ಖಾಸ್. 'ಸರ್ಫ್' ಎಂದರೆ ವೆಚ್ಚ, 'ಖಾಸ್' ಎಂದರೆ ಸ್ವಂತದ್ದು. ಕನ್ನಡದ 'ಖಾಸಗಿ' ಬಂದಿರುವುದು ಅಲ್ಲಿಂದಲೇ. ದೊರೆಯ ಮನೆವಾರ್ತೆಯ ವೆಚ್ಚಕ್ಕೆಂದು ತೆಗೆದಿಟ್ಟ ಹಳ್ಳಿಗಳು, ತಾಲ್ಲೂಕುಗಳು ಇವು. ರಾಜಧಾನಿಯ ಸುತ್ತಲಿನ ಅತ್ರಾಫ್-ಎ-ಬಲ್ದಾ ಜಿಲ್ಲೆಯ ಬಹುಪಾಲು ಇದರಲ್ಲಿತ್ತು. ಒಟ್ಟು ಸೇರಿಸಿದರೆ ಸಂಸ್ಥಾನದ ಸುಮಾರು ಹತ್ತರಲ್ಲೊಂದು ಪಾಲು ನೆಲ. ದಿವಾನನ ಕೈಕೆಳಗಿನ ಸರ್ಕಾರಿ ನೆಲಕ್ಕೆ ದಿವಾನಿ ಎನ್ನುತ್ತಿದ್ದರು. ಮಿಕ್ಕದ್ದು ಪಾಯಿಗಾಗಳು, ಜಾಗೀರುಗಳು, ಗದ್ವಾಲ, ವನಪರ್ತಿಯಂಥ ಸಂಸ್ಥಾನಗಳು.

ಇಂದು ತಿಂಗಳ ಖರ್ಚು ಬರೆದಿಡುವವರು ಪುಸ್ತಕದಲ್ಲೋ ಫೋನಿನಲ್ಲೋ ಕಾಲಮ್ಮುಗಳನ್ನು ಹಾಕಿಕೊಳ್ಳುತ್ತಾರೆ: ಬಾಡಿಗೆ, ದಿನಸಿ, ಔಷಧಿ, ಇತರೆ. ಅಸಫ್‌ಜಾಹಿ ದೊರೆಗಳು ಆ ಗೀಟುಗಳನ್ನು ನೆಲದ ಮೇಲೇ ಎಳೆದಿದ್ದರು. ಯಾವ ಹಳ್ಳಿಯ ರೈತ ಕಟ್ಟಿದ ಕಂದಾಯ ಯಾವ ಬಾಬತ್ತಿನ ಖರ್ಚಿಗೆ ಹೋಗುತ್ತದೆ ಎಂಬುದು ಅವನ ಊರು ನಕಾಶೆಯಲ್ಲಿ ಎಲ್ಲಿದೆ ಎನ್ನುವುದರಿಂದಲೇ ತೀರ್ಮಾನವಾಗಿರುತ್ತಿತ್ತು. ಕಾಗದದ ಮೇಲೆ ಬಹಳ ಅಚ್ಚುಕಟ್ಟಾದ ಏರ್ಪಾಟು. ನಡೆದದ್ದು ಬೇರೆ.

ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಹೈದರಾಬಾದಿನ ಖಜಾನೆ ನಡೆದದ್ದು ಸಾಲದ ಮೇಲೆ. ಪೇಶ್ಕಾರ ಚಂದೂಲಾಲ್ ಆಡಳಿತ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ಪಾಮರ್ ಅಂಡ್ ಕಂಪನಿ ಎಂಬ ಲೇವಾದೇವಿ ಸಂಸ್ಥೆ ಸಂಸ್ಥಾನಕ್ಕೆ ದೊಡ್ಡ ಮೊತ್ತಗಳನ್ನು ಕೊಡುತ್ತಿತ್ತು. 1820ರಲ್ಲಿ ಅರವತ್ತು ಲಕ್ಷ ರೂಪಾಯಿಯ ಒಂದು ಸಾಲ ಮಂಜೂರಾಯಿತು. ಸೈನಿಕರ ಸಂಬಳದ ಬಾಕಿ ತೀರಿಸಿ ಅವರನ್ನು ಬಿಡುಗಡೆ ಮಾಡುವುದು, ರೈತರಿಗೆ ಮುಂಗಡ ಕೊಡುವುದು ಅದರ ಉದ್ದೇಶವೆಂದು ಬರೆದುಕೊಂಡರು. ಆ ವರ್ಷ ರೆಸಿಡೆಂಟನಾಗಿ ಬಂದ ಚಾರ್ಲ್ಸ್ ಮೆಟ್ಕಾಫ್ ಕಡತ ಬಿಚ್ಚಿ ನೋಡಿ, ಈ ಅರವತ್ತು ಲಕ್ಷದಲ್ಲಿ ಒಂದು ಭಾಗ ಪಾಲುದಾರರಿಗೇ ಸಂದ ಇನಾಮು, ಇನ್ನೊಂದು ಭಾಗ ಹಳೆಯ ಬಾಕಿಯನ್ನೇ ಹೊಸ ಹೆಸರಿನಲ್ಲಿ ಬರೆದದ್ದು ಎಂದು ಆರೋಪಿಸಿದ. ಕೊನೆಗೆ ಈಸ್ಟ್ ಇಂಡಿಯಾ ಕಂಪನಿಯೇ ಮಧ್ಯೆ ಬಂತು. ಉತ್ತರ ಸರ್ಕಾರ್ ಜಿಲ್ಲೆಗಳಿಗಾಗಿ ನಿಜಾಮರಿಗೆ ವರ್ಷಕ್ಕೆ ಏಳು ಲಕ್ಷದಂತೆ ಕೊಡಬೇಕಾಗಿದ್ದ ಪೇಶ್ಕಶನ್ನು ಒಂದೇ ಗಂಟಾಗಿ, ಸುಮಾರು 1 ಕೋಟಿ 16 ಲಕ್ಷ ರೂಪಾಯಿಗೆ, ಚುಕ್ತಾ ಮಾಡಿ ಸಾಲ ತೀರಿಸಲಾಯಿತು. ಶಾಶ್ವತವಾದ ವಾರ್ಷಿಕ ಆದಾಯ ಹೋಯಿತು. ಸಾಲ ಮಾಡುವ ಪದ್ಧತಿ ಉಳಿಯಿತು.

1853ರಲ್ಲಿ ಅದರ ಫಲ ಕನ್ನಡ ನಾಡಿಗೂ ತಗುಲಿತು. ಬ್ರಿಟಿಷ್ ಅಧಿಕಾರಿಗಳ ಕೈಯಲ್ಲಿದ್ದ, ಆದರೆ ನಿಜಾಮರು ಸಂಬಳ ಕೊಡಬೇಕಾಗಿದ್ದ ಹೈದರಾಬಾದ್ ಕಂಟಿಂಜೆಂಟ್ ಎಂಬ ಸೇನೆಯ ಬಾಕಿ ನಲವತ್ತು ಲಕ್ಷ ರೂಪಾಯಿಗೂ ಮೀರಿತ್ತು. ಮೇ ತಿಂಗಳ ಒಪ್ಪಂದದಲ್ಲಿ ಬೇರಾರ್, ನಳದುರ್ಗದ ಸೀಮೆ ಮತ್ತು ರಾಯಚೂರು ದೋಆಬ್ ಕಂಪನಿಯ ವಶಕ್ಕೆ ಹೋದವು. ಆ ಜಿಲ್ಲೆಗಳ ಆದಾಯದಿಂದ ಸೇನೆಯ ಖರ್ಚು ನಡೆಯಬೇಕು, ಪ್ರತಿ ವರ್ಷ ಲೆಕ್ಕ ಒಪ್ಪಿಸಬೇಕು, ಮಿಕ್ಕದ್ದನ್ನು ನಿಜಾಮರಿಗೆ ಕೊಡಬೇಕು ಎಂಬುದು ಷರತ್ತು. ಕೃಷ್ಣೆ-ತುಂಗಭದ್ರೆಯ ನಡುವಿನ ಅಷ್ಟೂ ನೆಲ ಒಂದು ಖರ್ಚಿನ ಬಾಬತ್ತಿಗೆ ಅಡವಾಯಿತು. ಏಳು ವರ್ಷಗಳ ಮೇಲೆ, 1860ರ ಒಪ್ಪಂದದಲ್ಲಿ, ರಾಯಚೂರು ಮತ್ತು ನಳದುರ್ಗ ವಾಪಸು ಬಂದವು. ಜೊತೆಗೆ ಸುರಪುರವೂ ನಿಜಾಮರಿಗೆ ದಕ್ಕಿತು, ಸಾಲ ಮನ್ನಾ ಆಯಿತು. ಅದೇ ಒಪ್ಪಂದದ ಇನ್ನೊಂದು ಕಲಮನ್ನು ಚರಿತ್ರೆಯ ಪುಸ್ತಕಗಳು ಬೇಗನೆ ದಾಟಿಹೋಗುತ್ತವೆ. ಕಂಪನಿಯಿಂದ ಬ್ರಿಟಿಷ್ ಸರ್ಕಾರದ ಕೈಗೆ ಬಂದಿದ್ದ ಬೇರಾರಿನ ಜಮಾ-ಖರ್ಚಿನ ಲೆಕ್ಕವನ್ನು ಹಿಂದಿನದಕ್ಕೂ ಮುಂದಿನದಕ್ಕೂ ಇನ್ನು ಕೇಳುವುದಿಲ್ಲ ಎಂದು ನಿಜಾಮರು ಒಪ್ಪಿಕೊಂಡರು. ಭೂಮಿ ಹೋದದ್ದಕ್ಕಿಂತ ದೊಡ್ಡ ನಷ್ಟ ಇದು ಎನ್ನಬೇಕು. ಲೆಕ್ಕ ಕೇಳುವ ಹಕ್ಕೇ ಇಲ್ಲವಾದ ಮೇಲೆ ಬೇರಾರ್ ಮರಳಿ ಬರಲಿಲ್ಲ. 1902ರಲ್ಲಿ ವರ್ಷಕ್ಕೆ 25 ಲಕ್ಷ ರೂಪಾಯಿ ಬಾಡಿಗೆಯ ಮೇಲೆ ಅದು ಶಾಶ್ವತ ಗುತ್ತಿಗೆಯಾಗಿಹೋಯಿತು.

1853ರ ಆ ಮೇ ತಿಂಗಳಲ್ಲೇ ದಿವಾನಗಿರಿಗೆ ಬಂದವನು ಮೀರ್ ತುರಾಬ್ ಅಲಿ ಖಾನ್, ಅಂದರೆ ಮೊದಲನೆಯ ಸಾಲಾರ್ ಜಂಗ್. ವಯಸ್ಸು ಇಪ್ಪತ್ತನಾಲ್ಕು. ಮುಂದಿನ ಮೂವತ್ತು ವರ್ಷ, 1883ರಲ್ಲಿ ಸಾಯುವವರೆಗೂ, ಅವನು ಮಾಡಿದ ಕೆಲಸವನ್ನು ಸುಧಾರಣೆ ಎಂಬ ದೊಡ್ಡ ಹೆಸರಿನಿಂದ ಕರೆಯುತ್ತಾರೆ. ಅದರ ತಿರುಳು ಮನೆಯ ಯಜಮಾನಿ ಮಾಡುವಂಥದ್ದೇ: ದುಡ್ಡು ಎಲ್ಲಿಂದ ಬರುತ್ತದೆ, ಯಾರ ಕೈಯಿಂದ ಬರುತ್ತದೆ, ನಡುವೆ ಎಷ್ಟು ಸೋರುತ್ತದೆ ಎಂದು ನೋಡುವುದು. ಕಂದಾಯ ವಸೂಲಿಯನ್ನು ಗುತ್ತಿಗೆ ಹಿಡಿಯುತ್ತಿದ್ದವರ ಬದಲು ಸಂಬಳದ ತಾಲೂಕುದಾರರು ಬಂದರು. ಅರಬ್ ಸೈನಿಕ ಮುಖಂಡರಿಗೂ ಸಾಹುಕಾರರಿಗೂ ಅಡವಾಗಿದ್ದ ತಾಲ್ಲೂಕುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳಲಾಯಿತು. ಊರಿಗೊಂದು ಟಂಕಸಾಲೆ ಇದ್ದ ಕಡೆ ಹಾಲಿ ಸಿಕ್ಕಾ ಎಂಬ ಒಂದೇ ನಾಣ್ಯ ಚಲಾವಣೆಗೆ ಬಂತು. 1865ರ ಜಿಲ್ಲಾಬಂದಿಯಿಂದ ಸಂಸ್ಥಾನ ಜಿಲ್ಲೆಗಳಾಗಿ ವಿಂಗಡವಾಯಿತು.

ಹಾಲಿ ಸಿಕ್ಕಾದಿಂದ ಗಡಿ ಭಾಗದ ಮನೆಗಳಿಗೆ ಇನ್ನೊಂದು ಲೆಕ್ಕ ಅಂಟಿಕೊಂಡಿತು. ನೂರು ಬ್ರಿಟಿಷ್ ರೂಪಾಯಿಗೆ ಹಾಲಿಯ 116 ರೂಪಾಯಿ 10 ಆಣೆ 8 ಪೈ ಎಂಬುದು ಅಧಿಕೃತ ದರ, ಅಂದರೆ ಆರಕ್ಕೆ ಏಳು. ಕಲಬುರಗಿಯವರು ಸೊಲ್ಲಾಪುರದ ಪೇಟೆಗೆ ಹೋಗಿಬಂದರೆ, ರಾಯಚೂರಿನವರು ಬಳ್ಳಾರಿಯಲ್ಲಿ ಮಗಳ ಮದುವೆ ಮಾಡಿದರೆ, ಎರಡು ನಾಣ್ಯದಲ್ಲಿ ಲೆಕ್ಕ ಇಡಬೇಕು. 1918ರ ಕಾನೂನಿನಿಂದ ಬಂದ ನಿಜಾಮರ ನೋಟುಗಳ ಮೇಲೆ ಉರ್ದು, ತೆಲುಗು, ಮರಾಠಿಗಳ ಜೊತೆ ಕನ್ನಡದಲ್ಲೂ ಮೊತ್ತ ಅಚ್ಚಾಗಿರುತ್ತಿತ್ತು. ಆಡಳಿತದಲ್ಲಿ ಕನ್ನಡಕ್ಕೆ ಜಾಗವಿಲ್ಲದ ಕಾಲದಲ್ಲಿ ಜನರ ಜೇಬಿನಲ್ಲಿ ಅದಕ್ಕೆ ಜಾಗ ಸಿಕ್ಕಿತ್ತು.

*

ಈ ದಫ್ತರಗಳಲ್ಲಿ ಲೆಕ್ಕ ಬರೆಯುತ್ತಿದ್ದ ಬಗೆಗೆ ಸಿಯಾಖ್ ಎಂದು ಹೆಸರು. ಮೊಘಲರಲ್ಲಿ, ಅವರಿಗೂ ಮುಂಚೆ ಇರಾನಿನಲ್ಲಿ ಬಳಕೆಯಲ್ಲಿದ್ದ ಈ ವಿದ್ಯೆಯಲ್ಲಿ ಅಂಕಿಗಳು ಅಂಕಿಗಳಲ್ಲ, ಅರಬ್ಬಿಯ ಸಂಖ್ಯಾಪದಗಳ ಗೀಚುರೂಪ. ಹತ್ತಕ್ಕೊಂದು ಚಿಹ್ನೆ, ನೂರಕ್ಕೆ ಬೇರೆಯೇ ಚಿಹ್ನೆ. ಸೊನ್ನೆ ಸೇರಿಸಿ ಹತ್ತನ್ನು ನೂರು ಮಾಡುವ ಹಂಚಿಕೆ ಇಲ್ಲಿ ನಡೆಯುವುದಿಲ್ಲ. ಕಲಿಯದವರಿಗೆ ಓದಲಂತೂ ಆಗದು. ಲೆಕ್ಕ ಬರೆಯುವವನ ಅಧಿಕಾರ ಅರ್ಧ ಇದ್ದದ್ದೇ ಅಲ್ಲಿ.

ಸಿಯಾಖ್ ಪುಟದ ಮೇಲ್ಗಡೆ ಶೀರ್ಷಿಕೆಯ ಪದವನ್ನು ಉದ್ದಕ್ಕೆ ಎಳೆದು ಬರೆದು, ಆ ಗೀಟಿನ ಕೆಳಗೆ ಬಾಬತ್ತುಗಳನ್ನು ಹಂಚುತ್ತಾರೆ. ಉರ್ದುವಿನಲ್ಲಿ ಲೆಕ್ಕದ ಶೀರ್ಷಿಕೆಗೆ ಇಂದಿಗೂ 'ಮದ್' ಎನ್ನುತ್ತಾರೆ. ಮೂಲ ಅರ್ಥ 'ಎಳೆತ'. ಮೊದಲು ದಿನದ ಲೆಕ್ಕ 'ರೋಜ್‌ನಾಮಚಾ'ದಲ್ಲಿ ಬಂದ ಕ್ರಮದಲ್ಲೇ ಇಳಿಯುತ್ತದೆ. ಆಮೇಲೆ ಅದನ್ನು ಬಾಬತ್ತುವಾರಾಗಿ ಇನ್ನೊಂದು ಪುಸ್ತಕಕ್ಕೆ ಏರಿಸಬೇಕು. ಆ ಎರಡನೆಯ ಪುಸ್ತಕದ ಪಾರಸಿ ಹೆಸರು 'ಅವಾರಿಜಾ'. ಇಂದು ಹೈದರಾಬಾದಿನ ತೆಲುಗು ಮಾಧ್ಯಮದ ವಾಣಿಜ್ಯ ಪಠ್ಯ ತೆರೆದರೆ ಲೆಡ್ಜರಿಗೆ 'ಆವರ್ಜಾ' ಎಂದೇ ಇದೆ, ಜರ್ನಲ್ಲಿಗೆ 'ಚಿಟ್ಟಾ'. ಇರಾನಿನ ಹದಿನಾಲ್ಕನೆಯ ಶತಮಾನದ ಲೆಕ್ಕಶಾಸ್ತ್ರದ ಪದವೊಂದು ಅಲ್ಲಿನ ಹುಡುಗರ ಪರೀಕ್ಷೆಯಲ್ಲಿ ಇನ್ನೂ ಎರಡು ಅಂಕ ಕೊಡಿಸುತ್ತಿದೆ.

ಕನ್ನಡ ಈ ಜೋಡಿಯನ್ನು ಕಿರ್ದಿ-ಖಾತೆ ಎಂದು ಇಟ್ಟುಕೊಂಡಿತು. ಕಿರ್ದಿಯಲ್ಲಿ ಘಟನೆ, ಖಾತೆಯಲ್ಲಿ ಅರ್ಥ. ಜಮಾ, ಖರ್ಚು, ಬಾಕಿ, ವಸೂಲಿ, ಬಾಬತ್ತು, ತಪಸೀಲು ಎಲ್ಲವೂ ಅದೇ ದಾರಿಯಲ್ಲಿ ಬಂದವು, ಶಿಲ್ಕು ಮರಾಠಿಯಿಂದ. 'ತಪಸೀಲು' ಎಂದರೆ ಬಿಡಿಬಿಡಿಯಾದ ವಿವರ. ಅದರ ಅರಬ್ಬಿ ಧಾತುವಿಗೆ ಬೇರ್ಪಡಿಸು ಎಂಬ ಅರ್ಥ. ಋತುಗಳನ್ನು ಬೇರ್ಪಡಿಸುವ 'ಫಸಲು' ಕೂಡ ಅದೇ ಧಾತುವಿನದು. 'ಖರ್ಚು' ಹುಟ್ಟಿದ್ದು ಹೊರಗೆ ಹೋಗು ಎನ್ನುವ ಮಾತಿನಿಂದ. ಖರ್ಚು ಎಂಬ ಪದದಲ್ಲಿ ತಪ್ಪು-ಸರಿಯ ಸೂಚನೆ ಏನೂ ಇಲ್ಲ, ಹೊರಗೆ ಹೋಯಿತು ಅಷ್ಟೇ. ದುಂದು, ಅನಗತ್ಯ, ಚಟ ಎಂಬ ತೀರ್ಪು ಬರುವುದು ಖಾತೆ ಪುಸ್ತಕಕ್ಕೆ ಏರಿಸುವಾಗ. ಆ ಪುಸ್ತಕ ಯಾರ ಕೈಯಲ್ಲಿದೆ ಎಂಬುದು ಹೈದರಾಬಾದಿನ ಚರಿತ್ರೆಯಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆ.

*

ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಜಿಪುಣತನದ ಕತೆಗಳು ಎಲ್ಲರಿಗೂ ಗೊತ್ತು. ಅಗ್ಗದ ಚಾರ್ಮಿನಾರ್ ಸಿಗರೇಟು, ಹಳೆಯ ಟೋಪಿ, ಅಪ್ಪನ ಜೋಡಿನಲ್ಲಿ ಸಿಕ್ಕಿದ ಜೇಕಬ್ ವಜ್ರವನ್ನು ಕಾಗದ ಹಾರದಂತೆ ಇಟ್ಟುಕೊಂಡದ್ದು. 1937ರ ಫೆಬ್ರವರಿ 22ರ ಟೈಮ್ ಪತ್ರಿಕೆಯ ಮುಖಪುಟದಲ್ಲಿ ಅವರು ಲೋಕದ ಅತಿ ದೊಡ್ಡ ಶ್ರೀಮಂತ. ಕತೆಗಳಲ್ಲಿ ಎಷ್ಟು ನಿಜವೋ ಎಷ್ಟು ಹೈದರಾಬಾದಿ ಹಾಸ್ಯವೋ ಬೇರ್ಪಡಿಸುವುದು ಕಷ್ಟ. ಆದರೆ 1967ರಲ್ಲಿ ಅವರು ತೀರಿಕೊಂಡಾಗ ಮೊಮ್ಮಗನ ಪಾಲಿಗೆ ಬಂದ ಮನೆವಾರ್ತೆಯಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಸಂಬಳ, ಊಟ ಪಡೆಯುವವರಿದ್ದರು ಎನ್ನುತ್ತಾರೆ. ಸಿಗರೇಟಿನಲ್ಲಿ ಉಳಿಸುವವರ ದೌರ್ಬಲ್ಯವೇ ಇದು. ದಿನಾ ಕಣ್ಣಿಗೆ ಬೀಳುವ ಸಣ್ಣ ಬಾಬತ್ತಿನಲ್ಲಿ ಹಿಡಿತ ಜಾಸ್ತಿ. ಯಾರೂ ಹೊಸದಾಗಿ ನಿರ್ಧರಿಸದೆ ತಾನಾಗಿ ನಡೆದುಬರುವ ದೊಡ್ಡ ಬಾಬತ್ತಿನ ಕಡೆ ನೋಟವೇ ಹೋಗುವುದಿಲ್ಲ. ಮನೆಬಾಡಿಗೆಯನ್ನು ಬಿಟ್ಟು ಚಹಾದ ಲೆಕ್ಕ ಹಾಕುವ ಈಗಿನವರಿಗೂ ಇದು ಹೊಸತಲ್ಲ.

1949ರಲ್ಲಿ ಸರ್ಫ್-ಎ-ಖಾಸ್ ದಿವಾನಿಯಲ್ಲಿ ವಿಲೀನವಾಯಿತು. 'ಸ್ವಂತ ಖರ್ಚು' ಎಂಬ ಹೆಸರಿನ ನೆಲ ಇಲ್ಲವಾಗಿ ಅದರ ಬದಲು ವರ್ಷಕ್ಕೆ 25 ಲಕ್ಷ ರೂಪಾಯಿ, ರಾಜಧನವಾಗಿ 50 ಲಕ್ಷ, ಅರಮನೆಗಳ ನಿಗಾವಣೆಗೆ ಇನ್ನೊಂದು 25 ಲಕ್ಷ ಎಂದು ನಿಗದಿಯಾಯಿತು.

ಅವರ ಸರ್ಕಾರದ ಖರ್ಚಿನ ಶಿಸ್ತು ಅವರ ಮನೆಯದಕ್ಕಿಂತ ಚೆನ್ನಾಗಿತ್ತು. ಅದರ ಹಿಂದಿದ್ದವರು ಅಕ್ಬರ್ ಹೈದರಿ. ಬ್ರಿಟಿಷ್ ಇಂಡಿಯಾದ ಹಣಕಾಸು ಇಲಾಖೆಯಲ್ಲಿ ಪಳಗಿ, 1905ರಲ್ಲಿ ಅಕೌಂಟೆಂಟ್ ಜನರಲ್ ಆಗಿ ಹೈದರಾಬಾದಿಗೆ ಬಂದವರು. ಹಣಕಾಸು ಅವರ ಕೈಗೆ ಬಂದ ಮೇಲೆ, 1920ರ ದಶಕದ ಮೊದಲಲ್ಲಿ, ಒಂದೊಂದು ಇಲಾಖೆಗೂ ಮೂರು ವರ್ಷಕ್ಕೆ ಇಷ್ಟು ಎಂದು ಗಂಟು ಕಟ್ಟಿಕೊಡುವ ಪದ್ಧತಿ ತಂದರು. ಉಳಿಸಿದ್ದು ಇಲಾಖೆಗೇ ಉಳಿಯುತ್ತದೆ, ವರ್ಷದ ಕೊನೆಗೆ ಖಜಾನೆಗೆ ವಾಪಸು ಹೋಗುವುದಿಲ್ಲ. ಮಾರ್ಚಿ ತಿಂಗಳಲ್ಲಿ ನಮ್ಮ ಕಚೇರಿಗಳು ಉಳಿದ ಹಣ ಖಾಲಿ ಮಾಡಲು ಪಡುವ ಪಾಡನ್ನು ಕಂಡವರಿಗೆ ಇದರ ಜಾಣತನ ಹೊಳೆಯುತ್ತದೆ. ಸಂಬಳದ ದಿನ ಹಾಲಿಗೆ, ಸ್ಕೂಲಿಗೆ, ಹಬ್ಬಕ್ಕೆ ಎಂದು ಬೇರೆ ಬೇರೆ ಡಬ್ಬಿಗಳಲ್ಲಿ ದುಡ್ಡು ಹಾಕಿಡುವ ಅಡುಗೆಮನೆಯ ಪದ್ಧತಿಯೂ ಇದೇ ತಾನೆ.

*

ಸಾಮಾನ್ಯರ ಖರ್ಚನ್ನು ಹೊರಗಿನವರು ಬಂದು ಬರೆದುಕೊಳ್ಳುವ ಚರಿತ್ರೆಗೆ ಬೇರೆಯೇ ಮೂಲವಿದೆ. 1875ರಲ್ಲಿ ಪುಣೆ, ಅಹಮದ್‌ನಗರ ಜಿಲ್ಲೆಗಳ ರೈತರು ಸಾಹುಕಾರರ ಮೇಲೆ ಎದ್ದು ಸಾಲಪತ್ರಗಳನ್ನು ಕಿತ್ತು ಸುಟ್ಟರು. ಲೆಕ್ಕದ ಪುಸ್ತಕ ಎದುರಾಳಿಯ ಕೈಯಲ್ಲಿದ್ದಾಗ ಜನ ಮಾಡುವುದು ಅದನ್ನೇ. ವಿಚಾರಣೆಗೆ ಕುಳಿತ ಡೆಕ್ಕನ್ ದಂಗೆ ಆಯೋಗದ ಮುಂದೆ ಅಧಿಕಾರಿಗಳ ಅಚ್ಚುಮೆಚ್ಚಿನ ವಿವರಣೆ ಸಿದ್ಧವಾಗಿತ್ತು: ರೈತ ಮದುವೆ, ಹಬ್ಬಗಳಿಗೆ ದುಂದು ಮಾಡುತ್ತಾನೆ, ಅದಕ್ಕೇ ಸಾಲ. ಆಯೋಗ ಲೆಕ್ಕ ಹಾಕಿ ನೋಡಿ, ಈ ಕಾರಣಕ್ಕೆ ಅಗತ್ಯಕ್ಕಿಂತ ಹೆಚ್ಚು ಮಹತ್ವ ಕೊಡಲಾಗಿದೆ ಎಂದಿತು. ಮದುವೆಯ ಖರ್ಚು ರೈತನ ಶಕ್ತಿಗೆ ಮೀರಿದ್ದೇ ಇರಬಹುದು, ಆದರೆ ಅದು ಬರುವುದು ಅಪರೂಪಕ್ಕೆ. ಬೀಜ, ಕಂದಾಯ, ಹೊಟ್ಟೆಪಾಡಿನ ಸಣ್ಣ ಸಣ್ಣ ಸಾಲಗಳು ಬಡ್ಡಿಯೊಡನೆ ಬೆಳೆಯುವುದು ಪ್ರತಿ ವರ್ಷ. ಹೀಗೆ ಹೇಳಿ ನೂರೈವತ್ತು ವರ್ಷವಾದರೂ ಮದುವೆ ಖರ್ಚಿನ ಬಗೆಗಿನ ಬೋಧನೆ ನಿಂತಿಲ್ಲ.

ಹೈದರಾಬಾದ್ ಸಂಸ್ಥಾನದಲ್ಲಿ ಹಳ್ಳಿಮನೆಗಳ ಆದಾಯ, ಸಾಲಗಳನ್ನು ಕ್ರಮವಾಗಿ ಕೇಳಿಕೊಂಡವರು ಅರ್ಥಶಾಸ್ತ್ರಜ್ಞ ಎಸ್. ಕೇಶವ ಅಯ್ಯಂಗಾರ್. 1929-30ರಲ್ಲಿ ಒಮ್ಮೆ, ಸಂಸ್ಥಾನ ಕೊನೆಗೊಂಡ ಹೊಸತರಲ್ಲಿ, 1949-51ರಲ್ಲಿ, ಮತ್ತೊಮ್ಮೆ. ಎರಡೂ ಸಮೀಕ್ಷೆಗಳು ಒಮ್ಮೆ ಹೋಗಿ ಕೇಳಿಬಂದವು. ಒಂದೇ ಮನೆಯ ಜೊತೆ ವರ್ಷಗಟ್ಟಲೆ ಕೂತು ಲೆಕ್ಕ ಬರೆಯುವ ಕೆಲಸ ಶುರುವಾದದ್ದು 1975ರ ಮೇ ತಿಂಗಳಲ್ಲಿ, ಹೈದರಾಬಾದಿನ ಹೊರವಲಯದ ಪಟಾನ್‌ಚೆರುವಿನ ಇಕ್ರಿಸ್ಯಾಟ್‌ನಿಂದ.

ಇಕ್ರಿಸ್ಯಾಟ್ 1972ರಲ್ಲಿ ಹುಟ್ಟಿದ್ದು ಜೋಳ, ಸಜ್ಜೆ, ಕಡಲೆ, ತೊಗರಿಯ ಸಂಶೋಧನೆಗೆ. ಹೊಸ ತಳಿ ಕೊಟ್ಟರೆ ರೈತ ಯಾಕೆ ಬೆಳೆಯುವುದಿಲ್ಲ ಎಂಬ ಪ್ರಶ್ನೆ ಸಸ್ಯಶಾಸ್ತ್ರದಿಂದ ಬಗೆಹರಿಯದೆ, ಅಲ್ಲಿನ ಅರ್ಥಶಾಸ್ತ್ರಜ್ಞರು ಆರು ಹಳ್ಳಿಗಳನ್ನು ಆರಿಸಿಕೊಂಡರು. ರಾಯಚೂರಿನ ಪಕ್ಕದ ಮೆಹಬೂಬ್‌ನಗರ ಜಿಲ್ಲೆಯ ಔರೇಪಲ್ಲಿ ಮತ್ತು ದೋಕೂರು, ಸೊಲ್ಲಾಪುರ ಜಿಲ್ಲೆಯ ಶಿರಾಪುರ ಮತ್ತು ಕಳಮಣ, ಅಕೋಲಾದ ಕಾಂಝರಾ ಮತ್ತು ಕಿನ್‌ಖೇಡಾ. ಪ್ರತಿ ಹಳ್ಳಿಯಲ್ಲಿ ನಲವತ್ತು ಮನೆ: ಭೂಮಿಯಿಲ್ಲದ ಕೂಲಿಗಳು ಹತ್ತು, ಸಣ್ಣ, ಮಧ್ಯಮ, ದೊಡ್ಡ ಹಿಡುವಳಿಯವರು ತಲಾ ಹತ್ತು. ತನಿಖೆಗಾರರು ಊರಿನಲ್ಲೇ ಮನೆ ಮಾಡಿಕೊಂಡು ಇದ್ದು, ಮೂರು ನಾಲ್ಕು ವಾರಕ್ಕೊಮ್ಮೆ ಪ್ರತಿ ಮನೆಯ ಜಮಾ-ಖರ್ಚು ಬರೆದುಕೊಂಡರು. ಕೊಂಡ ಜೋಳ, ಹೊಲದ ಜೋಳ, ಕೂಲಿಗೆ ಬದಲಾಗಿ ಬಂದ ಜೋಳ, ಬೀಗರು ಕಳಿಸಿದ ಜೋಳ, ಎಲ್ಲವೂ ಬೇರೆ ಬೇರೆ. ಈ ಕೆಲಸ ಹತ್ತು ವರ್ಷ ಎಡೆಬಿಡದೆ ನಡೆಯಿತು, ಮುಂದೆ 2001ರಲ್ಲಿ ಮತ್ತೆ ಶುರುವಾಯಿತು. ತಮ್ಮ ಮನೆಯ ಖರ್ಚನ್ನು ಇಷ್ಟು ಕಾಲ ಯಾರೂ ಸ್ವತಃ ಬರೆದುಕೊಂಡಿರುವುದು ಅನುಮಾನ.

ಈ ಪುಸ್ತಕಗಳಿಂದ ಹೊರಬಿದ್ದ ಸಂಗತಿಗಳು ಮನೆಲೆಕ್ಕದ ಬಗೆಗಿನ ಸಾಮಾನ್ಯ ಕಲ್ಪನೆಯನ್ನೇ ಅಲುಗಾಡಿಸಿದವು. ರಾಬರ್ಟ್ ಟೌನ್‌ಸೆಂಡ್ 1994ರಲ್ಲಿ ಔರೇಪಲ್ಲಿ, ಶಿರಾಪುರ, ಕಾಂಝರಾಗಳ ಹತ್ತು ವರ್ಷದ ಲೆಕ್ಕ ತೆಗೆದು ನೋಡಿದರು. ಒಂದು ಮನೆಯ ಆದಾಯ ಒಂದು ವರ್ಷ ಕುಸಿದರೆ ಆ ಮನೆಯ ಊಟ-ಬಟ್ಟೆಯ ಖರ್ಚು ಅಷ್ಟೇ ಕುಸಿಯುತ್ತಿರಲಿಲ್ಲ. ಅದು ಹೆಚ್ಚಾಗಿ ಇಡೀ ಊರಿನ ಸರಾಸರಿ ಖರ್ಚಿನ ಜೊತೆ ಏರಿಳಿಯುತ್ತಿತ್ತು. ಕೈಗಡ, ಕೊಡುಕೊಳ್ಳು, ಧಾನ್ಯ ಮಾರುವುದು, ನೆಂಟರು ಹೀಗೆ ಹತ್ತಾರು ದಾರಿಯಲ್ಲಿ ಒಬ್ಬರ ನಷ್ಟ ಊರಿನಲ್ಲಿ ಹಂಚಿಹೋಗುತ್ತಿತ್ತು. ಎಲ್ಲರಿಗೂ ಸಮನಾಗಿ ಅಲ್ಲ. ಒಂದು ಹಳ್ಳಿಯಲ್ಲಂತೂ ಭೂಮಿಯಿಲ್ಲದವರಿಗೆ ಈ ಆಸರೆ ಕಡಿಮೆ ಇತ್ತು. ಖರ್ಚನ್ನು ಅಳೆದ ರೀತಿಯಲ್ಲೇ ದೋಷವಿದೆ ಎಂದು ಬೇರೆಯವರು ತಕರಾರು ತೆಗೆದರು, ಆ ಚರ್ಚೆ ಇನ್ನೂ ಮುಗಿದಿಲ್ಲ. ಆದರೂ ಮುಖ್ಯ ಮಾತು ನಿಂತಿತು: ಒಂದು ಮನೆಯ ಖರ್ಚಿನ ಪುಸ್ತಕ ಆ ಮನೆಯ ಹೊಸ್ತಿಲಲ್ಲಿ ಮುಗಿಯುವುದಿಲ್ಲ.

ಅದೇ ಲೆಕ್ಕದಿಂದ ಮಾರ್ಕ್ ರೋಸೆನ್‌ಝ್ವೈಗ್ ಮತ್ತು ಓಡೆಡ್ ಸ್ಟಾರ್ಕ್ 1989ರಲ್ಲಿ ಇನ್ನೊಂದು ಎಳೆ ಹಿಡಿದರು. ಹೆಣ್ಣುಮಕ್ಕಳನ್ನು ದೂರದ ಊರುಗಳಿಗೆ, ಬೇರೆ ಬೇರೆ ದಿಕ್ಕಿಗೆ ಕೊಟ್ಟ ಮನೆಗಳಲ್ಲಿ ಮಳೆ ಕೈಕೊಟ್ಟ ವರ್ಷವೂ ಊಟದ ಖರ್ಚು ಅಷ್ಟಾಗಿ ಇಳಿಯುತ್ತಿರಲಿಲ್ಲ. ಬೆಳೆಯ ಆದಾಯ ಹೆಚ್ಚು ಏರುಪೇರಾಗುವ ಮನೆಗಳೇ ಹೆಚ್ಚು ದೂರದ ಸಂಬಂಧ ಮಾಡುತ್ತಿದ್ದವು. ಒಂದೇ ಮೋಡ ಎರಡೂ ಊರನ್ನು ಕೆಡಿಸದಷ್ಟು ದೂರ. ಹಾಗಾದರೆ ಮದುವೆಯ ಖರ್ಚನ್ನು ಯಾವ ಬಾಬತ್ತಿಗೆ ಬರೆಯುವುದು, ದುಂದಿಗೋ ವಿಮೆಗೋ? ಪ್ರಶ್ನೆಗೆ ಇನ್ನೊಂದು ಬದಿಯೂ ಇದೆ. ವಿಮೆಯ ಕಂತಾಗಿ ದೂರದ ಊರಿಗೆ ಹೋದವಳು ಮಗಳು, ಲಾಭ ದಾಖಲಾದದ್ದು ತವರಿನ ಪುಸ್ತಕದಲ್ಲಿ. ಅವಳ ಖಾತೆ ಅಲ್ಲಿ ಯಾರೂ ತೆರೆದಿರಲಿಲ್ಲ.

ಇಕ್ರಿಸ್ಯಾಟ್‌ನ ಈ ಹಳ್ಳಿ ಅಧ್ಯಯನಗಳನ್ನು ಕಟ್ಟಿದವರಲ್ಲಿ ಒಬ್ಬರು ಎನ್.ಎಸ್. ಜೋಧಾ. ಅವರು 1988ರಲ್ಲಿ ರಾಜಸ್ಥಾನದ ಹಳ್ಳಿಗಳ ಬಗ್ಗೆ ಬರೆದ ಲೇಖನ ಲೆಕ್ಕದವರಿಗೆ ಲೆಕ್ಕದವರೇ ಹಾಕಿದ ಸವಾಲು. ಇಪ್ಪತ್ತು ವರ್ಷದ ಅಂತರದಲ್ಲಿ ನಿಜ ಆದಾಯ ಇಳಿದಿದ್ದ ಮನೆಗಳನ್ನು ಹುಡುಕಿ, ಬದುಕು ಹೇಗಿದೆ ಎಂದು ಅವರವರ ಅಳತೆಯಲ್ಲೇ ಕೇಳಿದರು. ಆ ಮನೆಗಳವರು ತಮ್ಮ ಸ್ಥಿತಿ ಸುಧಾರಿಸಿದೆ ಎಂದರು. ದೊಡ್ಡವರ ಮನೆಯಲ್ಲಿ ಜೀತಕ್ಕೆ ಇರಬೇಕಾಗಿಲ್ಲ, ಸಾಲಕ್ಕೆ ಒಬ್ಬನನ್ನೇ ನೆಚ್ಚಬೇಕಾಗಿಲ್ಲ, ಕಾಲಿಗೆ ಚಪ್ಪಲಿ ಇದೆ. ಇವು ಆದಾಯ-ಖರ್ಚಿನ ಯಾವ ನಮೂನೆಯಲ್ಲೂ ಇರಲಿಲ್ಲ.

*

ಚಹಾಕ್ಕೆ ಈಗ ಬರಬಹುದು. 2005ರಿಂದ ಹೈದರಾಬಾದ್ ನಗರದ ಬಡಾವಣೆಗಳಲ್ಲಿ ಒಂದು ದೊಡ್ಡ ಪರೀಕ್ಷೆ ನಡೆಯಿತು. ಗುಂಟೂರಿನಲ್ಲಿ 1998ರಲ್ಲಿ ಶುರುವಾದ ಸ್ಪಂದನ ಎಂಬ ಕಿರುಸಾಲ ಸಂಸ್ಥೆ ರಾಜಧಾನಿಗೆ ಹಬ್ಬುವ ಹೊತ್ತು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ, ರೇಚೆಲ್ ಗ್ಲೆನರ್ಸ್‌ಟರ್, ಸಿಂಥಿಯಾ ಕಿನ್ನನ್ ಅವರೊಡನೆ ಆದ ಒಪ್ಪಂದದಂತೆ 104 ಬಡಾವಣೆಗಳಲ್ಲಿ ಚೀಟಿ ಎತ್ತಿದ ಹಾಗೆ 52ನ್ನು ಆರಿಸಿ ಅಲ್ಲಿ ಮೊದಲು ಶಾಖೆ ತೆರೆದರು. ಆರರಿಂದ ಹತ್ತು ಹೆಂಗಸರ ಗುಂಪು, ಮೊದಲ ಸಾಲ ಹತ್ತು ಸಾವಿರ ರೂಪಾಯಿ, ಐವತ್ತು ವಾರದ ಕಂತು, ಬಡ್ಡಿ ಶೇ. 12 ಎಂದು ಹೇಳಿದರೂ ಇಳಿಯುವ ಅಸಲಿನ ಮೇಲೆ ಲೆಕ್ಕ ಹಾಕಿದರೆ ಸುಮಾರು 24. ಹದಿನೈದು-ಹದಿನೆಂಟು ತಿಂಗಳ ನಂತರ ಎರಡೂ ಬಗೆಯ ಬಡಾವಣೆಗಳಲ್ಲಿ ಸುಮಾರು ಆರು ಸಾವಿರದ ಎಂಟುನೂರು ಮನೆಗಳ ಬಾಗಿಲು ತಟ್ಟಿ ಖರ್ಚನ್ನು ತಪಸೀಲಾಗಿ ಕೇಳಿದರು.

ಆ ನಮೂನೆಯಲ್ಲಿ ಒಂದು ಶೀರ್ಷಿಕೆ 'ಆಸೆಯ ಸರಕು' ಎನ್ನಬಹುದಾದದ್ದು: ಮದ್ಯ, ತಂಬಾಕು, ಎಲೆಅಡಿಕೆ, ಜೂಜು ಮತ್ತು ಮನೆಯ ಹೊರಗಿನ ತಿಂಡಿ-ತಿನಿಸು. ಈ ಶೀರ್ಷಿಕೆ ಪೂರ್ತಿ ಅರ್ಥಶಾಸ್ತ್ರಜ್ಞರ ತಲೆಯಿಂದ ಬಂದದ್ದಲ್ಲ. ಯಾವ ಖರ್ಚು ಕಡಿಮೆ ಮಾಡಬೇಕೆನಿಸುತ್ತದೆ ಎಂದು ಹೈದರಾಬಾದಿನ ಬಸ್ತಿಗಳವರನ್ನು ಕೇಳಿದಾಗ ತಡವಿಲ್ಲದೆ ಬಂದ ಉತ್ತರ ಚಹಾ, ತಿಂಡಿ, ಹೆಂಡ, ತಂಬಾಕು ಎಂದು ಬ್ಯಾನರ್ಜಿ-ಡುಫ್ಲೋ ತಮ್ಮ 2011ರ ಪುಸ್ತಕ 'ಪೂರ್ ಎಕನಾಮಿಕ್ಸ್'ನಲ್ಲಿ ಬರೆದಿದ್ದಾರೆ. ತಮ್ಮ ಖರ್ಚಿಗೆ ತೀರ್ಪು ಕೊಡಲು ಬಡವರಿಗೆ ಹೊರಗಿನವರು ಬೇಕಿರಲಿಲ್ಲ. ಬೇಕಾಗಿದ್ದದ್ದು ಆ ತೀರ್ಪನ್ನು ಜಾರಿಗೆ ತರಲು ಒಂದು ಕಟ್ಟು.

ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಕಿರುಸಾಲವನ್ನು ಹೊಗಳುವವರಿಗೂ ತೆಗಳುವವರಿಗೂ ಅದು ರುಚಿಸಲಿಲ್ಲ. ಶಾಖೆ ತೆರೆದ ಬಡಾವಣೆಗಳಲ್ಲೂ ಯಾವುದಾದರೊಂದು ಕಿರುಸಾಲ ತೆಗೆದುಕೊಂಡವರು ನೂರಕ್ಕೆ ಸುಮಾರು 27 ಮನೆ, ತೆರೆಯದ ಕಡೆ 18. ಮನೆಯ ಒಟ್ಟು ಖರ್ಚು ಹೆಚ್ಚಲಿಲ್ಲ. ಮಕ್ಕಳ ಓದು, ಆರೋಗ್ಯ, ಮನೆಯಲ್ಲಿ ಹೆಣ್ಣಿನ ಮಾತಿನ ತೂಕ, ಯಾವುದರಲ್ಲೂ ಗುರುತಿಸುವಂಥ ವ್ಯತ್ಯಾಸವಿಲ್ಲ. ಬದಲಾದದ್ದು ಬಾಬತ್ತುಗಳು. ಬಾಳಿಕೆ ಬರುವ ವಸ್ತುಗಳ ಖರ್ಚು ಏರಿತು, ಆಸೆಯ ಸರಕಿನದು ಮತ್ತು ಹಬ್ಬ-ಸಮಾರಂಭಗಳದು ಇಳಿಯಿತು. ಹೊಲಿಗೆ ಯಂತ್ರವೋ ತಳ್ಳುಗಾಡಿಯೋ ಮನೆಗೆ ಬಂದ ಮೇಲೆ ವಾರಕ್ಕೆ ಇನ್ನೂರು ಚಿಲ್ಲರೆ ರೂಪಾಯಿಯ ಕಂತು ತಪ್ಪುವಂತಿಲ್ಲ. ಗುಂಪಿನ ಎದುರು ಕೂತು ಕಟ್ಟಬೇಕು. ಚಹಾದ ದುಡ್ಡು ಅಲ್ಲಿಗೆ ಹೋಯಿತು. ಡಬ್ಬಿಯಲ್ಲಿ ಹಾಕಿಟ್ಟರೆ ಯಾರಾದರೂ ತೆಗೆಯುವ ಹಣ, ಸಾಲ ಎಂಬ ಹೆಸರು ಬಂದೊಡನೆ ಭದ್ರವಾಯಿತು. ಈ ಭದ್ರತೆಗೆ 24 ಪರ್ಸೆಂಟು ಬೆಲೆ ಕೊಡುವುದು ದುಬಾರಿ ಎನ್ನುವವರಿದ್ದಾರೆ, ಅವರ ಮಾತು ಸರಿಯೇ. ಊರಿನ ಚೀಟಿಗಳಲ್ಲಿ ಅದೇ ಕೆಲಸ ಎಷ್ಟೋ ಕಾಲದಿಂದ ನಡೆಯುತ್ತಿದೆ.

ಆದರೆ ಚಹಾ ನಿಜವಾಗಿ ಆ ಶೀರ್ಷಿಕೆಗೆ ಸೇರಿದ್ದೇ? ಹೈದರಾಬಾದಿನಲ್ಲಿ ಬೆಳಿಗ್ಗೆ ಕೂಲಿಗೆ ನಿಲ್ಲುವ ಅಡ್ಡಾಗಳ ಪಕ್ಕದಲ್ಲೇ ಚಹಾದ ಅಂಗಡಿ ಇರುತ್ತದೆ. ಯಾವ ಮೇಸ್ತ್ರಿಗೆ ಎಷ್ಟು ಆಳು ಬೇಕು, ಯಾವ ಗುತ್ತಿಗೆದಾರ ಕೂಲಿ ಉಳಿಸಿಕೊಳ್ಳುತ್ತಾನೆ ಎಂಬ ಸುದ್ದಿ ಸಿಗುವುದು ಅಲ್ಲಿಯೇ. ಅರ್ಧ ಲೋಟದ ಆ ದುಡ್ಡು ಕೆಲಸ ಹುಡುಕುವ ಖರ್ಚೂ ಹೌದು, ಹಸಿವನ್ನು ಮಧ್ಯಾಹ್ನಕ್ಕೆ ತಳ್ಳುವ ಖರ್ಚೂ ಹೌದು. ಸಮೀಕ್ಷೆಗೆ ಆಯ್ದ ಪ್ರತಿ ಮನೆಯಲ್ಲೂ 18ರಿಂದ 55ರೊಳಗಿನ ಒಬ್ಬ ಹೆಂಗಸು ಇರಬೇಕೆಂಬುದು ನಿಯಮ. ಗಂಡನ ಚಹಾ-ಬೀಡಿಯ ಲೆಕ್ಕ ಹೆಂಡತಿಯ ಬಾಯಲ್ಲಿ ಒಂದು ಬಾಬತ್ತಿಗೆ ಸೇರಿದರೆ ಗಂಡನ ಬಾಯಲ್ಲಿ ಇನ್ನೊಂದಕ್ಕೆ ಸೇರುತ್ತದೆ. ಹೆಂಡದ ವಿಷಯದಲ್ಲಿ ಮಾತ್ರ ಹೆಂಡತಿಯ ಪುಸ್ತಕವೇ ಹೆಚ್ಚು ನಂಬಿಕೆಗೆ ಅರ್ಹ.

ಹಬ್ಬದ ಖರ್ಚು ಇಳಿದದ್ದನ್ನು ಸುಧಾರಣೆ ಎಂದು ಓದಿದವರು ಹೆಚ್ಚು. ಪಟಾನ್‌ಚೆರುವಿನ ಹಳೆಯ ಲೆಕ್ಕಗಳನ್ನು ಪಕ್ಕದಲ್ಲಿಟ್ಟು ಓದಿದರೆ ಅಷ್ಟು ಧೈರ್ಯವಾಗಿ ಹೇಳಲಾಗುವುದಿಲ್ಲ. ಔರೇಪಲ್ಲಿಯಲ್ಲಿ ಕೆಟ್ಟ ವರ್ಷ ಒಂದು ಮನೆಯನ್ನು ಹಿಡಿದು ನಿಲ್ಲಿಸಿದ್ದರಲ್ಲಿ ಊಟಕ್ಕೆ ಕರೆದವರು, ಕರೆಸಿಕೊಂಡವರು ಇದ್ದರು. ಬಸ್ತಿಯಲ್ಲಿ ಸಮಾರಂಭಕ್ಕೆ ಇಟ್ಟ ದುಡ್ಡು ಕಂತಿಗೆ ಹೋದಾಗ ಆ ನಂಟಿನ ಖಾತೆಯಲ್ಲಿ ಎಷ್ಟು ಕಡಿತವಾಯಿತು ಎಂದು ಬರೆಯಲು ನಮೂನೆಯಲ್ಲಿ ಮನೆ ಇರಲಿಲ್ಲ. ಎರಡು ವರ್ಷದ ಮೇಲೆ ಇನ್ನೊಮ್ಮೆ ಸಮೀಕ್ಷೆ ನಡೆಯಿತು. ಅಷ್ಟರಲ್ಲಿ ಉಳಿದ 52 ಬಡಾವಣೆಗಳಲ್ಲೂ ಸಾಲ ಸಿಗುತ್ತಿತ್ತು, ವ್ಯತ್ಯಾಸಗಳು ತೆಳುವಾಗಿದ್ದವು.

2010ರ ಅಕ್ಟೋಬರಿನಲ್ಲಿ ಆಂಧ್ರಪ್ರದೇಶ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ಸಾಲದ ಒತ್ತಡದಿಂದ ಆತ್ಮಹತ್ಯೆಗಳಾಗುತ್ತಿವೆ ಎಂಬ ದೂರುಗಳು ಅದರ ಹಿಂದಿದ್ದವು. ಸಂಸ್ಥೆಗಳು ನೋಂದಾಯಿಸಬೇಕು, ವಾರದ ಕಂತಿನ ಬದಲು ತಿಂಗಳ ಕಂತು, ವಸೂಲಿ ಸಾಲಗಾರರ ಮನೆ ಮುಂದೆ ಅಲ್ಲ, ಸಾರ್ವಜನಿಕ ಜಾಗದಲ್ಲಿ. ಕೆಲವೇ ವಾರಗಳಲ್ಲಿ ರಾಜ್ಯದಲ್ಲಿ ಮರುಪಾವತಿ ಹೆಚ್ಚುಕಡಿಮೆ ನಿಂತುಹೋಯಿತು. ಅಲ್ಲಿ ನಷ್ಟವಾದ ಸಂಸ್ಥೆಗಳಿಗೆ ಬ್ಯಾಂಕುಗಳು ಹಣ ಕೊಡಲಿಲ್ಲ. ಹಣವಿಲ್ಲದ ಸಂಸ್ಥೆಗಳು ಬೇರೆ ರಾಜ್ಯಗಳಲ್ಲೂ ಸಾಲ ಹಿಂದೆಗೆದವು. ಎಮಿಲಿ ಬ್ರೇಜಾ ಮತ್ತು ಸಿಂಥಿಯಾ ಕಿನ್ನನ್ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದರ ಜಾಡು ಸಿಗುತ್ತದೆ. ಆಂಧ್ರದಲ್ಲಿ ಹಣ ಸಿಕ್ಕಿಹಾಕಿಕೊಂಡಿದ್ದ ಸಂಸ್ಥೆಗಳನ್ನೇ ಹೆಚ್ಚು ನೆಚ್ಚಿದ್ದ ಬೇರೆ ರಾಜ್ಯಗಳ ಜಿಲ್ಲೆಗಳಲ್ಲಿ ದಿನಗೂಲಿಯ ದರವೇ ಇಳಿಯಿತು, ಅದರೊಡನೆ ಮನೆಗಳ ಸಂಪಾದನೆ ಮತ್ತು ಖರ್ಚೂ ಇಳಿಯಿತು. ಸಾಲ ತೆಗೆದುಕೊಳ್ಳದ ಕೂಲಿಯವರ ಮನೆಗಳಿಗೂ ಆ ದರ ಇಳಿದೇ ಇತ್ತು. ಆ ಮನೆಗಳ ಲೆಕ್ಕ ಯಾರಾದರೂ ಬರೆದಿಟ್ಟಿದ್ದರೆ, ಆ ಪುಟದಲ್ಲಿ ಜಮಾದ ಬದಿ ಚಿಕ್ಕದಾಗಿದೆ. ಯಾಕೆ ಎಂಬುದಕ್ಕೆ ಪುಟದಲ್ಲಿ ಏನೂ ಇಲ್ಲ.